ಸೂಜಿ ಮುಟ್ಟದೆ ಕೂಡಿಸಿದ ಸೀರೆ

ಅವತ್ತು ಅಂಗಡಿಯಲ್ಲಿ ನಾವು ಮೂರು ಮಂದಿ ಹೆಂಗಸರಿದ್ದೆವು. ಹೊಲಿಗೆ ಮಷೀನಿನ ಮುಂದೆ ನಾನು. ಹೊಸ್ತಿಲ ಮೇಲೆ ಬುಟ್ಟಿ ಇಳಿಸಿ ಕುಳಿತ ಸ್ಟೀಲು ಸಾಮಾನಿನ ಅಕ್ಕ. ಅವಳ ಬೆನ್ನಿಗೆ, ಕೂಡು ಎಂದರೂ ಕೂಡದೆ ನಿಂತಿದ್ದ ಕಕ್ಕೇರಾದ ಹೆಣ್ಣುಮಗಳು. ಶಹಾಪುರದ ಬಿಸಿಲು ಆಗಲೇ ಬಾಗಿಲು ದಾಟಿ ಒಳಗೆ ಬಂದಿತ್ತು.

ಸ್ಟೀಲಿನ ಅಕ್ಕ ಊರೂರು ತಿರುಗಿ ಡಬರಿ, ತಾಟು, ಕೊಡ ಕೊಟ್ಟು ಹಳೆಯ ಬಟ್ಟೆ ತರುವವಳು. ಹರಿದದ್ದು ಗ್ಯಾರೇಜಿನವರಿಗೆ ಕೈ ಒರೆಸಿಕೊಳ್ಳಲು ಹೋಗುತ್ತದೆ. ಚಲೋದು ನನಗೆ ಬರುತ್ತದೆ. ನಾನು ಅದನ್ನು ಒಗೆದು, ಬಿಚ್ಚಿ, ಕತ್ತರಿಸಿ ಹೊಸ ರೂಪಕ್ಕೆ ತರುತ್ತೇನೆ. ಹಳೆಯ ಇಳಕಲ್ ಸೀರೆ ಕುರ್ತಾ ಆಗುತ್ತದೆ, ಗಂಡಸರ ಬಿಳಿ ಧೋತರ ಬಣ್ಣ ಹೊದ್ದು ಓಢಣಿ ಆಗುತ್ತದೆ. ಕಾಲೇಜಿನ ಹುಡುಗಿಯರು, ಟೀಚರುಗಳು, ದವಾಖಾನೆಯ ನರ್ಸಮ್ಮಗಳು ನನ್ನ ಗಿರಾಕಿಗಳು. ಹೊಸ ಬಟ್ಟೆಯಲ್ಲಿ ಹತ್ತು ಮಂದಿ ಒಂದೇ ಥರ ಕಾಣುತ್ತಾರೆ, ಹಳೆಯದನ್ನು ಆರಿಸಿ ಹೊಲಿಸಿಕೊಂಡವರು ಒಬ್ಬೊಬ್ಬರೂ ಅವರವರ ಥರವೇ ಕಾಣುತ್ತಾರೆ ಎಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಸ್ವಲ್ಪ ಮೆಲ್ಲಗೆ.

"ಅಕ್ಕಾರ, ದಾಳಿಂಬ್ರಿ ಬಣ್ಣದ ಸೀರಿರಿ," ಎಂದಳು ಕಕ್ಕೇರಾದವಳು. "ಅಗಲ ದಡಿ, ಟೋಪ ತೆನಿ ನಮೂನಿ ಸೆರಗು. ಎಂಟು ಗಜದ್ದು. ನಿಮ್ಮ ಕಡೆ ಬಂದೈತಂತ."

"ಯಾವಾಗ ಕೊಟ್ಟಿದ್ದಿ ತಂಗಿ?"

"ಹೋದ ತಿಂಗಳ. ನಾ ಕೊಡಲಿಲ್ರಿ. ಅಂದ್ರ, ನಾನಾ ಕೊಟ್ಟೀನಿ. ಗೊತ್ತಿಲ್ಲದ ಕೊಟ್ಟೀನಿ."

ಸ್ಟೀಲಿನ ಅಕ್ಕ ನಡುವೆ ಬಾಯಿ ಹಾಕಿದಳು. "ಒಂದು ಹರಕ ಧೋತರದಾಗ ಕಟ್ಟಿದ ಗಂಟು ನೋಡವ್ವ. ಈಕಿ ಸಂದೂಕ ಝಾಡಿಸಾಕತ್ತಿದ್ಳು. ಗಂಟು ಬಿಚ್ಚಿ ಸುದ್ದಾ ನೋಡಲಿಲ್ಲ. ಒಂದು ಕೊಡ ಒಯ್ದಾಳ. ಈಗ ಆ ಕೊಡ ತಂದು ನನ್ನ ಮುಂದ ಇಟ್ಟಾಳ, ಸೀರಿ ಕೊಡು ಅಂತಾಳ. ನಾ ಎಲ್ಲಿಂದ ತರ್ಲಿ?"

ಕೊಡ ನಿಜವಾಗಿಯೂ ಅವಳ ಕಾಲ ಬಳಿ ಇತ್ತು. ಬಳಸಿದ ಗುರುತು ಇರಲಿಲ್ಲ.

ಸೀರೆ ಅವಳ ಅತ್ತೆಯದು. ಮದುವೆಯದು. ಅತ್ತೆ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಡಾಕ್ಟರು ಮನೆಗೆ ಒಯ್ಯಿರಿ ಎಂದು ಹೇಳಿ ಕಳಿಸಿದ್ದರು. ಮಾವ ಇನ್ನೂ ಗಟ್ಟಿಯಾಗಿದ್ದಾರೆ, ಹೀಗಾಗಿ ಮುದುಕಿ ಮುತ್ತೈದೆಯಾಗಿ ಹೋಗುತ್ತಾಳೆ. ತನ್ನನ್ನು ಮಣ್ಣಿಗೆ ಒಯ್ಯುವಾಗ ಆ ಸೀರೆ ಉಡಿಸಬೇಕು ಎಂದು ಆಕೆ ನಾಲ್ಕು ದಿನದ ಹಿಂದೆ ಸೊಸೆಯ ಕೈ ಹಿಡಿದು ಹೇಳಿದ್ದಳಂತೆ. ಅವತ್ತೇ ಇವಳು ಸಂದೂಕ ತೆಗೆದದ್ದು, ಅವತ್ತೇ ಗೊತ್ತಾದದ್ದು.

"ಅಗಸರ ಕಡಿ ಒಗ್ಯಾಕ ಕೊಟ್ಟೀನಂತ ಸುಳ್ಳ ಹೇಳೀನ್ರಿ," ಎಂದಳು. "ಮುಂಜಾನಿಗೊಮ್ಮೆ ಸಂಜಿಗೊಮ್ಮೆ ಕೇಳ್ತಾರ, ಬಂತೇನು ಅಂತ."

ನಾನು ಮಷೀನು ಬಿಟ್ಟು ಎದ್ದೆ. ಆ ಸೀರೆ ನನಗೆ ಚೆನ್ನಾಗಿ ಗೊತ್ತಿತ್ತು. ಬಂದ ದಿನವೇ ಬೆಳಕಿಗೆ ಹಿಡಿದು ನೋಡಿದ್ದೆ. ಹಳೆಯ ಸೀರೆ ಕೊಳ್ಳುವವರು ಮೊದಲು ಮಾಡುವ ಕೆಲಸ ಅದು, ಸವೆದ ಜಾಗ ಬೆಳಕಿಗೆ ಹಿಡಿದರೆ ಜಾಳಾಗಿ ಕಾಣುತ್ತದೆ. ಅದರಲ್ಲಿ ಒಂದೂ ಕಾಣಲಿಲ್ಲ. ಉಟ್ಟದ್ದು ಕಡಿಮೆ, ಮಡಿಸಿಟ್ಟದ್ದು ಹೆಚ್ಚು. ಅಂಟವಾಳದ ನೊರೆಯಲ್ಲಿ ಒಗೆದೆ, ನೆರಳಲ್ಲಿ ಒಣಗಿಸಿದೆ, ಆಮೇಲೆ ಅಡ್ಡ ಕತ್ತರಿಸಿದೆ. ಸೆರಗನ್ನು ಹಾಗೇ ಇಟ್ಟು ಓಢಣಿ ಮಾಡಿದೆ. ಅದರ ಪಕ್ಕದ ಒಡಲಿನಲ್ಲಿ ಒಂದು ಕುರ್ತಾ ತೆಗೆದೆ. ಉಳಿದದ್ದು ಅರ್ಧಕ್ಕಿಂತ ಹೆಚ್ಚು ನನ್ನ ಟ್ರಂಕಿನಲ್ಲಿತ್ತು.

ಟ್ರಂಕಿನಿಂದ ಅದನ್ನು ತೆಗೆದು ಅವಳ ಕೈಗಿಟ್ಟೆ. ಅವಳು ದಡಿ ನೋಡಿದಳು, ಮಡಿಕೆ ಬಿಚ್ಚಿದಳು, ಕತ್ತರಿಸಿದ ಅಂಚಿಗೆ ಬಂದು ನಿಂತಳು. ಆಮೇಲೆ ನೆಲದ ಮೇಲೆ ಕುಳಿತಳು.

ಸ್ಟೀಲಿನ ಅಕ್ಕ ಒಂದು ದಾರಿ ಹೇಳಿದಳು. "ಇಂಥಾದ ಇನ್ನೊಂದು ಹುಡುಕಿ ತರ್ತೀನಿ ತಗೋ. ಮುದುಕಿ ಕಣ್ಣು ಮಂಜ ಆಗ್ಯಾವಂತಲ್ಲ, ಏನ್ ತಿಳೀತದ."

"ಕೈಲೆ ತಿಳೀತದ," ಎಂದಳು ಸೊಸೆ.

ನಾನು ಎಂಟು ದಿನ ಕೊಡು ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಕತ್ತರಿಸಿದ್ದು ನಾನು, ಆದ್ದರಿಂದ ಕೂಡಿಸಬೇಕಾದ್ದೂ ನಾನೇ ಎಂಬಷ್ಟು ಮಾತ್ರ ಗೊತ್ತಿತ್ತು.

ಕುರ್ತಾ ಮತ್ತು ಓಢಣಿ ಯಾದಗಿರಿಯಲ್ಲಿದ್ದವು. ಅಲ್ಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಹುಡುಗಿ ಅವನ್ನು ಒಯ್ದಿದ್ದಳು. ಊರು ವಡಗೇರಾ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ನನ್ನ ಗಿರಾಕಿಗಳಲ್ಲಿ ಅವಳಷ್ಟು ಕಣ್ಣಿದ್ದವರು ಯಾರೂ ಇರಲಿಲ್ಲ. ರಾಶಿಯಲ್ಲಿ ಕೈ ಹಾಕಿ ಒಳ್ಳೆಯ ಬಟ್ಟೆಯನ್ನು ಮುಟ್ಟಿಯೇ ಎಳೆದು ತೆಗೆಯುತ್ತಿದ್ದಳು. ದಡಿ ಕೆಳಗೆ ಬರಲಿ, ಕೊರಳು ಬರೀ ಗುಂಡಗಿರಲಿ, ಏನೂ ಅಂಟಿಸಬೇಡಿ ಎಂದು ಹೇಳಿ ಹೊಲಿಸಿಕೊಂಡದ್ದು ಆ ಕುರ್ತಾ.

ಮರುದಿನ ಕಾಲೇಜಿನ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತೆ. ಅವಳು ಬಂದಾಗ ಅದನ್ನೇ ಹಾಕಿಕೊಂಡಿದ್ದಳು. ಸೆರಗಿನ ಓಢಣಿ ಹೆಗಲ ಮೇಲಿತ್ತು. ವಿಷಯ ಹೇಳಿದೆ. ಅವಳು ಮೊದಲು ನಕ್ಕಳು.

"ಅಕ್ಕಾರ, ಮಾರಿದ ಮ್ಯಾಲ ವಾಪಸ್ ಕೇಳೋ ಅಂಗಡಿ ಜಿಲ್ಲಾದಾಗ ನಿಮ್ದೊಂದಾ ನೋಡ್ರಿ."

"ಬ್ಯಾರೇದು ಹೊಲದು ಕೊಡ್ತೀನವ್ವ. ನೀ ಹೇಳಿದಂಗ."

"ಬ್ಯಾರೇದು ಬ್ಯಾರೇದಾ ಇರ್ತದ." ಓಢಣಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವಾ ಹೇಳಿದ್ರಿ, ಹಳೇದನ್ನ ಯಾರು ಚಂದ ಮಾಡ್ಕೋತಾರ ಅದು ಅವರ್ದು ಅಂತ. ನಾ ಚಂದ ಮಾಡ್ಕೊಂಡೀನಿ. ನನ್ನ ಜೋಡಿ ಕೆಲಸ ಮಾಡೋರು ಪಗಾರ ಆದ ದಿನ ಕಲಬುರಗಿಗಿ ಹೋಗಿ ಹೊಸಾವು ತಗೊಂಡು ಬರ್ತಾರ್ರಿ. ಅವ್ರು ನನ್ನ ನೋಡಿ ಎಲ್ಲಿಂದ ತಂದಿ ಅಂತ ಕೇಳ್ತಾರ."

ಅವಳು ಹೇಳಿದ್ದು ನನ್ನದೇ ಮಾತು. ಗಂಟೆ ಹೊಡೆಯಿತು, ಅವಳು ಪಾಠಕ್ಕೆ ಹೋದಳು. ಬಸ್ಸಿಗೆ ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತೇ ಇದ್ದೆ. ಒಂದು ತಾಸಿನ ಮೇಲೆ ಅವಳು ಹೊರಗೆ ಬಂದು, "ಆ ಮುದುಕಿ ಹೆಂಗ್ ಅದಾಳ್ರಿ," ಎಂದಳು.

"ನಾನೂ ನೋಡಿಲ್ಲ."

"ನೋಡಲಾರದ ಕೇಳಾಕ ಬಂದೀರಿ."

ಸಂಜೆ ಅವಳು ವಡಗೇರಾದ ಬಸ್ಸು ಬಿಟ್ಟು ನನ್ನ ಜೊತೆ ಶಹಾಪುರದ ಬಸ್ಸು ಹತ್ತಿದಳು. ಅಂಗಡಿಯಲ್ಲಿ ನನ್ನದೊಂದು ಹಳೆಯ ಚೂಡಿದಾರ್ ಕೊಟ್ಟೆ, ಬದಲಿಸಿಕೊಂಡಳು. ಕತ್ತರಿ ನನ್ನ ಕೈಗೆ ಕೊಡಲಿಲ್ಲ. ತಾನೇ ಕುಳಿತು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದಳು. ಮೊದಲು ತೋಳು, ಆಮೇಲೆ ಪಕ್ಕ, ಕೊನೆಗೆ ಭುಜ. ಬಟ್ಟೆಗೆ ಎಲ್ಲಿಯೂ ಬ್ಲೇಡು ತಾಗದಂತೆ ಬಿಚ್ಚಿದಳು. ಕುರ್ತಾ ಎರಡು ಹಾಳೆಯಾಗಿ ನೆಲದ ಮೇಲೆ ಮಲಗಿದಾಗ ಎದ್ದು ಕೈ ಝಾಡಿಸಿಕೊಂಡಳು.

"ಇದರಾಗ ನಾ ಚಂದ ಕಾಣ್ತಿದ್ದೆ ಅಕ್ಕಾರ," ಎಂದಳು. ದೂರು ಹೇಳುವ ದನಿ ಅದಾಗಿರಲಿಲ್ಲ.

ಆ ಹಾಳೆಗಳನ್ನು ನೋಡುತ್ತ ನನ್ನ ಲೆಕ್ಕ ಶುರುವಾಯಿತು. ದಡಿ ಕೆಳಗೆ ಬರಬೇಕೆಂದು ಅವಳು ಹಠ ಹಿಡಿದಿದ್ದು ಈಗ ಉಪಯೋಗಕ್ಕೆ ಬಂತು. ದಡಿ ಕೆಳಗಿದ್ದರೆ ಕುರ್ತಾದ ಉದ್ದ ಸೀರೆಯ ಅಗಲದಲ್ಲಿ ಬರುತ್ತದೆ. ಮುಂದಿನ ಹಾಳೆ, ಹಿಂದಿನ ಹಾಳೆ ಎರಡೂ ಸೀರೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಇದ್ದವು, ಪಕ್ಕಗಳು ನೇರವಾಗಿದ್ದವು. ಕೊರಳು, ಕಂಕುಳು ಕತ್ತರಿಸಿದ ಜಾಗ ಮೇಲಿನ ಅಂಚಿನಲ್ಲಿತ್ತು. ಸೀರೆ ಉಡಿಸಿದಾಗ ಮೇಲಿನ ಅಂಚು ಸೊಂಟದಲ್ಲಿ, ಸೆರಗಿನ ಮಡಿಕೆಯಲ್ಲಿ ಸೇರಿ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ತೋಳಿನ ತುಂಡುಗಳನ್ನು ಬಿಟ್ಟರೆ ಸೀರೆ ಒಂದೂವರೆ ಗಜ ಗಿಡ್ಡವಾಗುತ್ತದೆ, ಆದರೂ ಸಾಕು. ಟ್ರಂಕಿನ ತುಂಡು, ಮುಂದಿನ ಹಾಳೆ, ಹಿಂದಿನ ಹಾಳೆ, ಸೆರಗು. ನಾಲ್ಕು ತುಂಡು, ಮೂರು ಕೂಡು. ಮಷೀನಿಗೆ ಹಾಕಿದರೆ ಅರ್ಧ ತಾಸಿನ ಕೆಲಸ.

ಅಲ್ಲಿಯೇ ನನ್ನ ಕೈ ನಿಂತದ್ದು. ನನ್ನನ್ನು ಬೆಳೆಸಿದವಳು ನಮ್ಮ ಆಯಿ, ಅಜ್ಜಿ. ಮಾತು, ಹೊಲಿಗೆ, ಹಾಡು ಎಲ್ಲ ಅವಳಿಂದ ಬಂದದ್ದು. ಹೆಣಕ್ಕೆ ಉಡಿಸುವ ಬಟ್ಟೆಗೆ ಸೂಜಿ ತಾಗಬಾರದು ಎಂದು ಆಯಿ ಹೇಳುತ್ತಿದ್ದಳು. ಹೊಲಿದದ್ದು ಉಟ್ಟು ಹೋದವರಿಗೆ ಅಲ್ಲಿ ಬಿಡುಗಡೆ ಇಲ್ಲ, ಕಟ್ಟಿ ಹಾಕಿದಂತೆ ಆಗುತ್ತದೆ ಎನ್ನುತ್ತಿದ್ದಳು. ಆಯಿ ತೀರಿಕೊಂಡಾಗ ರವಿಕೆಯನ್ನೂ ಹಾಕದೆ ಬರೀ ಸೀರೆ ಸುತ್ತಿದ್ದನ್ನು ನಾನು ನೋಡಿದ್ದೆ. ಇದನ್ನು ನಾನು ನಂಬುತ್ತೇನೋ ಇಲ್ಲವೋ ಎಂದು ಎಂದೂ ಕೇಳಿಕೊಂಡಿರಲಿಲ್ಲ.

ಮೂರನೆಯ ದಿನ ಕಕ್ಕೇರಾಕ್ಕೆ ಹೋದೆ. ನೋಡಲಾರದೆ ಕೇಳಲು ಬಂದಿರಿ ಎಂದ ಹುಡುಗಿಯ ಮಾತು ಚುಚ್ಚುತ್ತಿತ್ತು. ಸುರಪುರ ದಾಟಿದ ಮೇಲೆ ಎಡಬಲ ಭತ್ತ, ಕಾಲುವೆಗೆ ನೀರು ಬಿಟ್ಟಿದ್ದರು. ಸೊಸೆ ಬಾಗಿಲಲ್ಲೇ ನನ್ನನ್ನು ಹಿಡಿದು, "ನೀವಾ ಒಗ್ಯಾಕ ಒಯ್ದೋರು ಅಂತ ಹೇಳ್ತೀನ್ರಿ," ಎಂದಳು. ನಾನು ತಲೆಯಾಡಿಸಿದೆ.

ಮುದುಕಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಬಾಗಿಲ ಆಚೆ ಕಟ್ಟೆಯ ಮೇಲೆ ಅವಳ ಗಂಡ, ಬಿಳಿ ಮೀಸೆಯ ಮುತ್ಯಾ, ಹಗ್ಗ ಹೊಸೆಯುತ್ತಿದ್ದ.

"ನೀ ಏನವ್ವ ನನ್ನ ಸೀರಿ ಒಯ್ದಾಕಿ?"

"ಹೌದ್ರಿ ಆಯಿ."

"ಒಂದು ಸೀರಿ ಒಗ್ಯಾಕ ಇಷ್ಟ ದಿನ ಬೇಕೇನು? ನಾ ಕೃಷ್ಣಾ ಹೊಳೀನಾ ಒಗದು ಹಾಕ್ತಿದ್ದೆ ಇಷ್ಟರಾಗ."

ಹೊರಗಿನಿಂದ ಮುತ್ಯಾ, "ಮಾತಿಗೇನು ಕಡಿಮಿ ಇಲ್ಲ ನೋಡವ್ವ," ಎಂದ.

"ನೀ ಹಗ್ಗ ಹೊಸಿ. ನಾ ನನ್ನ ಸೀರಿ ಮಾತಾಡಾಕತ್ತೀನಿ." ನನ್ನ ಕೈಯನ್ನು ಹುಡುಕಿ ಹಿಡಿದಳು. ಬೆರಳು ತಣ್ಣಗಿದ್ದವು. "ಮೂರಾ ಸಲ ಉಟ್ಟೀನಿ. ಲಗ್ನದಾಗ ಒಮ್ಮಿ. ಮಗನ ತೊಟ್ಟಲಿಗಿ ಹಾಕಿದಾಗ ಒಮ್ಮಿ. ಆಮ್ಯಾಲ ಕಾಲ್ವಿಗಿ ಮೊದಲ ಸಲ ನೀರು ಬಂತಲ್ಲ, ಊರ ಹೆಂಗಸರೆಲ್ಲ ಹೋಗಿ ನೀರಿಗಿ ಉಡಿ ತುಂಬಿದ್ವಿ, ಅವತ್ತೊಮ್ಮಿ. ಅರಿಷಿಣ ಕುಂಕುಮ ಎಲ್ಲ ಮೈಮ್ಯಾಲ ಚೆಲ್ಲಿಕೊಂಡೆ, ಎಡವಿದೆ ನೋಡು ದಂಡ್ಯಾಗ. ಈತ ನಕ್ಕ. ದಡಿ ಹತ್ರ ಅರಿಷಿಣದ ಕಲಿ ಐತಿ, ಅಂಗೈ ಅಷ್ಟು. ಅದನ್ನ ತಗೀಬ್ಯಾಡ. ಎಷ್ಟ ಒಗದ್ರೂ ಹೋಗಂಗಿಲ್ಲ ಅದು, ನೀ ತಿಕ್ಕಬ್ಯಾಡ."

ಆ ಕಲೆಯನ್ನು ನಾನು ತೆಗೆದಾಗಿತ್ತು. ಲಿಂಬೆಹಣ್ಣು ಹಿಂಡಿ, ಮೂರು ದಿನ ಎಳೆಬಿಸಿಲಿಗೆ ಹಿಡಿದು, ಸುತ್ತಲ ಬಣ್ಣ ಮಾಸದಂತೆ ತೆಗೆದಿದ್ದೆ. ಬಹಳ ಹೆಮ್ಮೆಪಟ್ಟಿದ್ದೆ. ಆ ಹುಡುಗಿಗೆ, ಇಲ್ಲಿ ಕಲೆಯಿತ್ತು, ಹುಡುಕು ನೋಡೋಣ ಎಂದು ಪಂದ್ಯ ಕಟ್ಟಿದ್ದೆ.

"ತಗಿಯಂಗಿಲ್ರಿ," ಎಂದೆ.

"ಲಗೂನ ತಂದು ಕೊಡವ್ವ. ಒಮ್ಮಿ ನೋಡಬೇಕು."

ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಈಗ ಬರೆಯುವಾಗ ಅದೊಂದೇ ಕೇಳುತ್ತದೆ. ಉಡಿಸುವ ದಿನಕ್ಕೆ ಸರಿಯಾದ ಸೀರೆ ಬೇಕು ಎಂಬುದಷ್ಟೇ ಆಗ ನನ್ನ ತಲೆಯಲ್ಲಿತ್ತು. ಆಕೆ ಕೇಳಿದ್ದು ನೋಡಲಿಕ್ಕೆ. ಅಲ್ಲಿಯೇ ಕುಳಿತು, ಆಯಿ, ಸೀರಿ ಕತ್ತರಿಸಿಬಿಟ್ಟೀನಿ, ಹೊಲದು ತರ್ಲೇನು ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಸುಳ್ಳು ಹೇಳಿ ಎದ್ದು ಬಂದೆ.

ಸೂಜಿ ಇಲ್ಲದೆ ಕೂಡಿಸುವುದು ಹೇಗೆಂದು ಗೊತ್ತಿದ್ದವರು ನೇಕಾರರು. ಸುರಪುರದ ಪಕ್ಕ ರಂಗಂಪೇಟೆಯಲ್ಲಿ ನನಗೆ ಪರಿಚಯದ ಒಂದು ಮನೆಯಿತ್ತು. ಗಂಡ ಹೆಂಡತಿ ಇಬ್ಬರೇ, ಒಂದೇ ಮಗ್ಗ. ಅದೇ ಮಧ್ಯಾಹ್ನ ನಾಲ್ಕೂ ತುಂಡುಗಳನ್ನು ಅವರ ಮುಂದೆ ಹಾಸಿದೆ. ನೇಕಾರ ಕನ್ನಡಕ ಏರಿಸಿ ಅಂಚು ನೋಡಿದ.

"ಹೊಲದು ಕೊಟ್ಟುಬಿಡು ತಂಗಿ. ನಿನ್ನ ಮಷೀನು ಏನು ಸತ್ತೈತೇನು?"

ಸೂಜಿಯ ಬಗ್ಗೆ ನಮ್ಮ ಆಯಿ ಹೇಳುತ್ತಿದ್ದ ಮಾತು ಹೇಳಿದೆ.

"ಕಬ್ಬಿಣದ ಸೂಜಿ ಬ್ಯಾಡ. ಬಿದಿರ ಕಡ್ಡಿ ನಡೀತದೇನು? ಅದನ್ನೂ ಕೇಳ್ಕೊಂಡು ಬರಬೇಕಿತ್ತು ನಿಮ್ಮ ಆಯೀನ."

"ಸುಮ್ನಿರ್ರಿ," ಎಂದಳು ಅವನ ಹೆಂಡತಿ. "ಕೆಚ್ಚಬಹುದು ನೋಡವ್ವ. ಆದ್ರ ಒಂದೊಂದು ಕೂಡಿಗಿ ಒಂದು ದಿನ ಹಿಡೀತದ. ಎಳಿ ಹಳೇವು. ಅಷ್ಟು ವ್ಯಾಳ್ಯಾ ಐತೇನು?"

ನಾನು ಯೋಚಿಸಿದೆ. ಸೊಸೆ ಹೇಳಿದಂತೆ ಡಾಕ್ಟರು ಹದಿನೈದು ದಿನದ ಮಾತಾಡಿದ್ದರು, ನಾನು ನೋಡಿದಾಗ ಮುದುಕಿ ಗಂಡನನ್ನು ಗದರಿಸುವಷ್ಟು ಚುರುಕಾಗಿದ್ದಳು. ಮೂರು ದಿನ ಹೆಚ್ಚಲ್ಲ ಎನಿಸಿತು. "ಕೆಚ್ಚೋಣು," ಎಂದೆ.

ಕೆಚ್ಚುವುದು ಎಂದರೆ ನೇಕಾರರು ಮಗ್ಗದಲ್ಲಿ ಮುಗಿದ ಹಾಸಿನ, ಅಂದರೆ ಉದ್ದದ ನೂಲಿನ, ತುದಿಗೆ ಹೊಸ ಹಾಸು ಜೋಡಿಸುವ ಕೆಲಸ. ಎರಡೂ ಅಂಚಿನಿಂದ ಅಡ್ಡ ನೂಲುಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಆಗ ಉದ್ದದ ಎಳೆಗಳು ಎರಡು ಬೆರಳಿನಷ್ಟು ಗೊಂಡೆಯಂತೆ ಇಳಿಬೀಳುತ್ತವೆ. ಈ ಕಡೆಯ ಒಂದು ಎಳೆ, ಆ ಕಡೆಯ ಒಂದು ಎಳೆ ಹಿಡಿದು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೇ ಸಲಕ್ಕೆ ಹೊಸೆದು ಮಡಿಸಿ ಒತ್ತಬೇಕು. ಗಂಟಿಲ್ಲ, ಹೊಲಿಗೆಯಿಲ್ಲ. ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಒಂದು ತಪ್ಪಿದರೆ ಅದರ ಮುಂದಿನದೆಲ್ಲ ಓರೆ.

ಮೊದಲ ದಿನ ನಾನು ಮಾಡಿದ್ದನ್ನೆಲ್ಲ ನೇಕಾರನ ಹೆಂಡತಿ ಎಳೆದು ನೋಡಿದಳು, ಅರ್ಧಕ್ಕರ್ಧ ಬಿಚ್ಚಿ ಬಂದವು. "ನೀ ಹೊಲಿಗಿ ಕೈಯಾಕಿ," ಎಂದಳು, "ಬಿಗಿ ಮಾಡ್ತಿ. ಇದಕ್ಕ ಸಡ್ಲ ಕೈ ಬೇಕು." ಮೇಲಾಗಿ, ನನ್ನ ಕುರ್ತಾದ ಹೊಲಿಗೆ ಹೋದ ದಾರಿಯಲ್ಲಿ ತೂತು ಉಳಿದಿದ್ದವು. ಅಲ್ಲಿ ರೇಷ್ಮೆಯ ಎಳೆಗಳು ಅರ್ಧ ಕಡಿದಿದ್ದವು, ಹೊಸೆಯುವಾಗ ತುಂಡಾಗುತ್ತಿದ್ದವು. ಆ ಜಾಗದಲ್ಲಿ ಒಂದು ಬೆರಳು ಹಿಂದೆ ಸರಿದು ಮತ್ತೆ ಅಡ್ಡ ನೂಲು ತೆಗೆದು ಮೊದಲಿನಿಂದ ಶುರುಮಾಡಿದೆವು. ಉಳಿದ ತೂತುಗಳನ್ನು ಒದ್ದೆ ಬಟ್ಟೆ ಇಟ್ಟು, ಉಗುರಿನಿಂದ ತಿಕ್ಕಿ ಮುಚ್ಚಿದೆ. ಮೊದಲ ಕೂಡು ಮುಗಿಯಲು ಒಂದೂವರೆ ದಿನ ಬೇಕಾಯಿತು. ಕೂಡಿದ ಜಾಗದಲ್ಲಿ ಅಡ್ಡ ನೂಲಿಲ್ಲದ ಒಂದು ಜಾಲರಿಯ ಪಟ್ಟಿ ಉಳಿಯಿತು. ಸಣ್ಣ ಬಿದಿರ ಕಡ್ಡಿಯಲ್ಲಿ ತೋಳಿನ ತುಂಡಿನಿಂದ ಎಳೆದ ನೂಲನ್ನೇ ಪೋಣಿಸಿ ನೇಕಾರ ಅದನ್ನು ತುಂಬಿಸಿದ. "ಪುಣ್ಯದ ಕಡ್ಡಿ ಕೊಡಾ ಇತ್ತ," ಎಂದು ಪ್ರತಿ ಸಲ ಹೆಂಡತಿಯನ್ನು ಕೇಳುತ್ತಿದ್ದ.

ಎರಡನೆಯ ಕೂಡು ಒಂದು ದಿನಕ್ಕೆ ಮುಗಿಯಿತು. ನನ್ನ ಕೈ ಸಡಿಲಾಗಿತ್ತು. ದಿನಾ ಮುಂಜಾನೆ ಶಹಾಪುರದಿಂದ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದೆ. ಅಂಗಡಿ ಮುಚ್ಚಿಯೇ ಇತ್ತು. ಸೊಸೆ ಫೋನು ಮಾಡಿ ಕೇಳುತ್ತಿದ್ದಳು. "ಎರಡು ದಿನ ತಂಗಿ," ಎನ್ನುತ್ತಿದ್ದೆ, ಮತ್ತೆ, "ನಾಳಿಗಿ." ಕೆಚ್ಚಲು ಕುಳಿತ ನಾಲ್ಕನೆಯ ದಿನ ಅವಳು, "ಊಟ ಬಿಟ್ಟಾರ್ರಿ," ಎಂದಳು. ಆಗಲಾದರೂ ಎರಡೂ ತುಂಡನ್ನು ಹಾಗೇ ಹಿಡಿದುಕೊಂಡು ಹೋಗಿ ತೋರಿಸಬೇಕಿತ್ತು. ಸೆರಗಿನ ಕೂಡು ಒಂದೇ ಬಾಕಿ ಎಂದು ಕುಳಿತೆ.

ಮರುದಿನ ಮುಂಜಾನೆ, ಸೆರಗಿನ ಕೂಡಿನಲ್ಲಿ ಇನ್ನೊಂದು ಗೇಣು ಉಳಿದಿತ್ತು, ಫೋನು ಬಂತು. ಸೊಸೆ ಅಳುವುದು ಕೇಳಿಸಿತು. ನೇಕಾರನ ಹೆಂಡತಿ ಬೂದಿಯ ಬಟ್ಟಲು ಸರಿಸಿದಳು, ಮತ್ತೆ ಎಳೆದುಕೊಂಡು, "ನೀ ಅತ್ತ ತುದಿ ಹಿಡಿ, ನಾ ಇತ್ತ," ಎಂದಳು. ಬಸ್ಸಿನ ಹೊತ್ತಿನವರೆಗೆ ಇಬ್ಬರೂ ಹೊಸೆದೆವು. ಅರ್ಧ ಗೇಣು ಉಳಿಯಿತು. ಬೂದಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲೆ ಹಾಸಿಕೊಂಡು ಪ್ರಯತ್ನಿಸಿದೆ. ಬಸ್ಸು ಕುಲುಕುತ್ತಿತ್ತು, ಎಳೆ ಎಳೆಗೆ ಸಿಗಲಿಲ್ಲ. ಪಕ್ಕದ ಹೆಂಗಸು, "ಏನ್ ಮಾಡಾಕತ್ತೀರಿ," ಎಂದು ಕೇಳಿದಳು. ಬೂದಿಯ ಪೊಟ್ಟಣ ಮಡಿಚಿಟ್ಟೆ.

ಹೋದಾಗ ಮೈತೊಳೆದು ಮುಗಿದಿತ್ತು. ಹೆಂಗಸರು ಚಾದರ ಮರೆ ಹಿಡಿದು ನಿಂತಿದ್ದರು. ಪೇಟೆಯಿಂದ ತಂದ ಹೊಸ ಹಸಿರು ಸೀರೆ ಮಡಿಕೆ ಬಿಚ್ಚದೆ ಇತ್ತು. ಸೊಸೆ ಓಡಿ ಬಂದು ನನ್ನ ಕೈಯಿಂದ ಸೀರೆ ತೆಗೆದುಕೊಂಡಳು. ಅಲ್ಲಿ ಮಾತು ನಡೆಯುತ್ತಿದ್ದದ್ದು ಮುತ್ಯಾನ ಅಕ್ಕನದು, ಬೆನ್ನು ಬಾಗಿದ ಹಿರಿಯಳು. ಆಕೆ ಸೀರೆ ಹಿಡಿದು ಬೆರಳಿನಿಂದ ಸವರುತ್ತ ಹೋಗಿ ಒಂದು ಕೂಡಿನ ಮೇಲೆ ನಿಂತಳು.

"ಇದು ಏನಿದು?"

ನಾನು ಎಲ್ಲವನ್ನೂ ಹೇಳಿದೆ. ಕತ್ತರಿಸಿದ್ದು, ಕುರ್ತಾ ಹೊಲಿದದ್ದು, ಬಿಚ್ಚಿದ್ದು, ಕೆಚ್ಚಿದ್ದು. ತೂತು ಉಳಿದ ಜಾಗವನ್ನೂ ತೋರಿಸಿದೆ. "ಕೂಡಿಸೋವಾಗ ಸೂಜಿ ಮುಟ್ಟಸಿಲ್ರಿ," ಎಂದೆ. "ಅದಕ್ಕ ತಡ ಆತು."

ಹಿರಿಯಳು ನನ್ನ ಮುಖ ನೋಡಿದಳು.

"ನಮ್ಮ ಮನಿತನದಾಗ ಅಂಥಾ ಕಟ್ಟು ಇಲ್ಲವ್ವ," ಎಂದಳು. "ಹೊಲದು ತಂದಿದ್ರ ನಡೀತಿತ್ತು. ನಿನ್ನಿ ಸಂಜಿತನ ಬಾಗಲಾ ನೋಡಾಕತ್ತಿದ್ಳು."

ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. "ಉಡಸ್ರಿ," ಎಂದು ಸೀರೆಯನ್ನು ಹೆಂಗಸರ ಕೈಗೆ ಕೊಟ್ಟಳು. ನಾನೂ ಕೈ ಹಚ್ಚಿದೆ. ಕತ್ತರಿಸಿದ ಕೊರಳಿನ ಜಾಗ, ಕೂಡದೆ ಉಳಿದ ಅರ್ಧ ಗೇಣು, ಎಲ್ಲ ಸೊಂಟದಲ್ಲಿ, ಸೆರಗಿನ ಮಡಿಕೆಯಲ್ಲಿ ಅಡಗಿದವು. ನನ್ನ ಲೆಕ್ಕ ಒಂದು ಇಂಚೂ ತಪ್ಪಿರಲಿಲ್ಲ. ಸೆರಗು ಹೊದಿಸಿದ ಮೇಲೆ ಸೊಸೆ ಅತ್ತೆಯ ಕಿವಿಯ ಹತ್ತಿರ ಬಗ್ಗಿ, "ಬಂತ್ರಿ ಅತ್ತಿ, ಬಂತು," ಎಂದಳು. ಮುತ್ಯಾ ಕಟ್ಟೆಯ ಮೇಲಿಂದ ಎದ್ದು ಬಂದು ದಡಿಯನ್ನು ಬಹಳ ಹೊತ್ತು ನೋಡಿದ. ಕಲೆಯನ್ನು ಹುಡುಕುತ್ತಿದ್ದಾನೆ ಎಂದು ನನಗೆ ತಿಳಿಯಿತು. ಅಂದೇ ಸಂಜೆ ತಮ್ಮ ಹೊಲದಲ್ಲಿ, ಕಾಲುವೆಯ ದಂಡೆಯಿಂದ ಸ್ವಲ್ಪ ಎತ್ತರಕ್ಕೆ, ಮಣ್ಣು ಕೊಟ್ಟರು.

ಇದಾಗಿ ತಿಂಗಳ ಮೇಲೆ ಮುತ್ಯಾ ಒಬ್ಬನೇ ಶಹಾಪುರಕ್ಕೆ ಬಂದ. ವಿಚಾರಿಸುತ್ತ ಅಂಗಡಿ ಹುಡುಕಿಕೊಂಡು ಬಂದು, ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕುಳಿತ. ಅವನ ಕೈಯಲ್ಲಿ ಬಟ್ಟೆಯ ಚೀಲವಿತ್ತು. ಅದರಲ್ಲಿ ಮುದುಕಿ ದಿನಾ ಉಡುತ್ತಿದ್ದ ನಾಲ್ಕು ಸೀರೆಗಳಿದ್ದವು. ಅವರ ಕಡೆ ಹೋದವರ ಬಟ್ಟೆ ಅಗಸರಿಗೆ ಹೋಗುತ್ತದೆ. ಅವನು ಕೊಟ್ಟಿರಲಿಲ್ಲ.

"ಇವನ್ನ ಕತ್ತರಸವ್ವ," ಎಂದ. "ಯಾರರೆ ಹುಡುಗೇರು ಹಾಕ್ಕೊಳ್ಳಿ. ಮನ್ಯಾಗಿದ್ರ ನಾ ತಗದು ತಗದು ನೋಡ್ತೀನಿ, ಸೊಸಿ ಅಳ್ತಾಳ."

ನಾನು ಸೀರೆಗಳನ್ನು ತೆಗೆದುಕೊಂಡೆ. ಚಹಾ ತರಿಸಿದೆ, ಕುಡಿದ. ಎದ್ದು ಚಪ್ಪಲಿ ಮೆಟ್ಟಿಕೊಂಡು ಮತ್ತೆ ತಿರುಗಿ ನಿಂತ.

"ಒಂದು ಮಾತು. ಕಕ್ಕೇರಾ ಕಡಿ ಹೋಗಿ ಬರೋರಿಗಿ ಕೊಡಬ್ಯಾಡ. ರಸ್ತೇದಾಗ ಹಿಂದಿನಿಂದ ಕಂಡ್ರ ನಾ ಹೆಸರು ಹಿಡದು ಕರದುಬಿಡ್ತೀನಿ."

ನಾಲ್ಕರಲ್ಲಿ ಒಂದು, ಹಸಿರು ಚೌಕಡಿಯದು, ಒಬ್ಬ ಹುಡುಗಿಗೆ ಬಹಳ ಹಿಡಿಸಿತು. ಕುರ್ತಾಕ್ಕೆ ಅಳತೆ ತೆಗೆದುಕೊಂಡೆ. ಕತ್ತರಿ ಹಿಡಿಯುವ ಮೊದಲು, ದಿನಾ ಯಾವ ಕಡೆಗೆ ಹೋಗುತ್ತೀ ಎಂದು ಕೇಳಿದೆ. ಸೈದಾಪುರದ ಹತ್ತಿರ ಫ್ಯಾಕ್ಟರಿಯಲ್ಲಿ ಕೆಲಸ ಎಂದಳು. ಸುರಪುರ, ಕಕ್ಕೇರಾ ಕಡೆ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಯಾರೂ ಇಲ್ಲ ಎಂದಳು. ಆಮೇಲೆ ಸೀರೆಯನ್ನು ಮೇಜಿನ ಮೇಲೆ ಹಾಸಿದೆ.